ಸಬ್ಬತ್ತಿನ ಹುಲ್ಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಎಲೀಷಪ್ಪನವರು. ಅವರು ನೇಯ್ಗೆಯವರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತಲೇ ಹೇಳುತ್ತಿದ್ದರು. ಅವರಿಗೆ ಇದು ಉಪದೇಶಿ ಬಾರ್ನಬಯ್ಯನವರ ಬಾಯಿಂದ ಬಂದದ್ದು. ಬಾರ್ನಬಯ್ಯನವರು ನಮ್ಮ ಓಣಿಯ ಸಭೆಗೆ ಮೂವತ್ತು ವರ್ಷ ದೇವರ ವಾಕ್ಯ ಹೇಳಿದವರು. ನಾನು ಅವರನ್ನು ಕಂಡವನಲ್ಲ. ಮಾವ ಹೇಳಿದ ಹಾಗೆಯೇ ಬರೆಯುತ್ತೇನೆ.

ಒಂದು ಶನಿವಾರ ಮಧ್ಯಾಹ್ನ ಶಿಷ್ಯನೊಬ್ಬ ಗುರು ಬಾರ್ನಬಯ್ಯನವರ ಮನೆಗೆ ಬಂದು ಕೇಳಿದ:

“ಅಯ್ಯನವರೇ, ದೇವರಿಗೆ ಅಂಜಿ ನಡೆಯುವ ಜನರ ನಡುವೆ ಮಾಟ ಹೇಗೆ ಹುಟ್ಟುತ್ತದೆ?”

ಗುರುಗಳು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. “ಎಲ್ಲಿ ಹುಟ್ಟಿತಪ್ಪ?” ಎಂದರು.

“ನಮ್ಮ ಓಣಿಯಲ್ಲೇ. ಕೊನೆಯ ಮನೆಯ ಹನ್ನವ್ವ. ಹೋದ ತಿಂಗಳು ಒಂದು ಬೆಳಗ್ಗೆ ನನ್ನ ಬಾಗಿಲಿಗೆ ಬಂದಳು. ನಾನು ಒಳಗೆ ಕರೆಯಲಿಲ್ಲ. ಹೊಸ್ತಿಲಾಚೆ ಸ್ವಲ್ಪ ಹೊತ್ತು ನಿಂತು, ಏನೋ ಗೊಣಗಿ ಹೋದಳು. ಎಂಟು ದಿನ ತುಂಬಲಿಲ್ಲ, ನನ್ನ ಮಗಳು ಹಾಸಿಗೆ ಹಿಡಿದಳು. ಇನ್ನೂ ಎದ್ದಿಲ್ಲ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಸಭೆಯ ಮುಂದೆ ಅವಳ ಹೆಸರು ಹೇಳಬೇಕೆಂದಿದ್ದೇನೆ. ಮಾಡಿದ್ದನ್ನು ಒಪ್ಪಿಕೊಂಡರೆ ಕ್ಷಮಿಸೋಣ. ಒಪ್ಪದಿದ್ದರೆ ಓಣಿ ಬಿಟ್ಟು ಹೋಗಲಿ. ತಾವು ಒಂದು ಮಾತು ಹೇಳಿದರೆ ಸಾಕು.”

“ಓಣಿ ಬಿಟ್ಟು ಎಲ್ಲಿಗೆ ಹೋಗುತ್ತಾಳೆ?”

“ಅದು ಅವಳಿಗೆ ಬಿಟ್ಟದ್ದು.”

ಗುರುಗಳು ಚಾಪೆ ತೋರಿಸಿದರು. “ಕೂತುಕೋ,” ಎಂದರು. ಶಿಷ್ಯ ಚಾಪೆಯ ಮೇಲೆ ಕೂತ. ಗುರುಗಳು ಹೇಳತೊಡಗಿದರು.

ಕಡಲಿನ ಆಚೆ ಒಂದು ಊರಿತ್ತು. ಅಲ್ಲಿನ ಜನ ತಮ್ಮ ದೇಶದಲ್ಲಿ ಭಕ್ತಿ ಸಡಿಲವಾಯಿತೆಂದು ಬೇಸತ್ತು ಹಡಗು ಹತ್ತಿ ಬಂದವರು. ಅಲ್ಲಿ ಮೊದಲಿನಿಂದ ಇದ್ದವರನ್ನು ಕೇಳದೆಯೇ ಕಾಡು ಕಡಿದು ಹೊಲ ಮಾಡಿದರು. ಮೊದಲು ಪ್ರಾರ್ಥನಾಲಯ ಕಟ್ಟಿದರು, ಆಮೇಲೆ ತಮ್ಮ ಮನೆ ಕಟ್ಟಿದರು. ಹಬ್ಬವಿಲ್ಲ, ಕುಣಿತವಿಲ್ಲ, ಬಣ್ಣದ ಬಟ್ಟೆಯಿಲ್ಲ. ದೇವರ ಕಣ್ಣಿಗೆ ಚೊಕ್ಕಟವಾಗಿ ಕಾಣಬೇಕು, ಅಷ್ಟೇ ಅವರ ಆಸೆ. ಆ ಆಸೆ ಒಳ್ಳೆಯದೇ. ಅದನ್ನು ನಾನು ಹಗುರಾಗಿ ಆಡುವುದಿಲ್ಲ.

ಕಟ್ಟಳೆಗಳಲ್ಲೆಲ್ಲ ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಕಟ್ಟಳೆ ಅವರಿಗೆ ದೊಡ್ಡದು. ಶನಿವಾರ ಹೊತ್ತು ಮುಳುಗಿದರೆ ರವಿವಾರ ಹೊತ್ತು ಮುಳುಗುವ ತನಕ ಯಾರೂ ಕೆಲಸ ಮುಟ್ಟುವಂತಿರಲಿಲ್ಲ. ಹಸುವಿನ ಹಾಲು ಕರೆಯುವುದೊಂದಕ್ಕೆ ಬಿಡುಗಡೆ. ಬೆಳಗ್ಗೆ ಒಂದು ಪ್ರಾರ್ಥನೆ, ಮಧ್ಯಾಹ್ನ ಇನ್ನೊಂದು. ಸಬ್ಬತ್ತನ್ನು ಮುರಿದವನು ಮುಂದಿನ ರವಿವಾರ ಬಿಳಿ ದುಪ್ಪಟಿ ಹೊದ್ದು, ಪ್ರಾರ್ಥನಾಲಯದ ನಡುವೆ ಒಂದು ಬೆಂಚಿನ ಮೇಲೆ ನಿಂತು ತನ್ನ ತಪ್ಪು ಹೇಳಬೇಕು. ಹೇಳಿದ ಮೇಲೆ ಬೋಧಕನು ಕೈ ಹಿಡಿದು ಇಳಿಸುತ್ತಿದ್ದ. ಅಲ್ಲಿಗೆ ಮುಗಿಯಿತು. ಮತ್ತೆ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಒಂದು ದಿನವೂ ಬೆಂಚು ಹತ್ತಿದವನಲ್ಲ. ಸುಗ್ಗಿ ಮುಗಿದ ಮೇಲೆ ಅವನನ್ನು ಸಭೆಯ ಹಿರಿಯನನ್ನಾಗಿ ಆರಿಸುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು.

ಒಂದು ವಾರ ಅವನು ಹುಲ್ಲು ಕೊಯ್ದು ಮನೆಯ ಹಿಂದಿನ ಹೊಲದಲ್ಲಿ ಒಣಗಲು ಹರವಿದ್ದ. ರವಿವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಮನೆಗೆ ಬಂದಾಗ ಆಕಾಶ ಕಪ್ಪಾಗಿತ್ತು. ಮಳೆ ಬಿದ್ದರೆ ಚಳಿಗಾಲಕ್ಕೆ ಹಸುಗಳಿಗೆ ಮೇವಿಲ್ಲ. ರೈತ ಹೆಂಡತಿಗೆ, “ನೀನು ಹೋಗು. ನನಗೆ ಹೊಟ್ಟೆನೋವು ಎಂದು ಹೇಳು,” ಎಂದ. ಅವಳು ಹೊಲದ ಕಡೆ ನೋಡಿದಳು, ಗಂಡನ ಮುಖ ನೋಡಿದಳು, ಒಬ್ಬಳೇ ಹೋದಳು.

ಊರೆಲ್ಲ ಪ್ರಾರ್ಥನೆಗೆ ಕೂತಿದ್ದಾಗ ಅವನು ಹುಲ್ಲು ಹೊತ್ತ. ಅರ್ಧ ಹೊರುವಷ್ಟರಲ್ಲಿ ಮಳೆ ಬಂತು. ಉಳಿದರ್ಧವನ್ನು ನೆನೆದದ್ದನ್ನೇ ಹೊತ್ತು, ಒಣಗಿದ್ದರ ಜೊತೆಗೆ ಕೊಟ್ಟಿಗೆಯ ಅಟ್ಟಕ್ಕೆ ತುರುಕಿದ.

ನೆನೆದ ಹುಲ್ಲನ್ನು ಮರುದಿನ ಹೊರಗೆ ಹರವಿ ಒಣಗಿಸಬೇಕು. ಇಲ್ಲದಿದ್ದರೆ ಒಳಗೇ ಬೆಂದು ಮುಗ್ಗುತ್ತದೆ, ಮುಗ್ಗಿದ್ದು ದನಕ್ಕೆ ವಿಷ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಸೋಮವಾರ ಬೆಳಗ್ಗೆ ನೆರೆಯವನು ದಾರಿಯಲ್ಲಿ ಸಿಕ್ಕಿ, “ಅದೃಷ್ಟವಂತನಪ್ಪ ನೀನು! ನಮ್ಮ ಹುಲ್ಲೆಲ್ಲ ನೆನೆದು ಗೊಬ್ಬರವಾಯಿತು. ನಿನ್ನದು ಯಾವಾಗ ಒಳಗೆ ಸೇರಿತು?” ಎಂದು ಕೇಳಿದ.

“ಶನಿವಾರ,” ಎಂದ ರೈತ. “ಹೊತ್ತು ಮುಳುಗುವ ಮೊದಲು.”

ಶನಿವಾರ ಒಳಗೆ ಸೇರಿದ ಹುಲ್ಲು ನೆನೆದಿರಲು ಸಾಧ್ಯವಿಲ್ಲ. ಆದ್ದರಿಂದ ಅದನ್ನು ಹೊರಗೆ ಹರವಲು ಅವನಿಗೆ ಆಗಲಿಲ್ಲ.

ಅಂದು ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: “ರೀ, ಒಂದು ರವಿವಾರ ನಿಂತರೆ ಮುಗಿಯುತ್ತದೆ. ನಿಂತುಬಿಡಿ.”

“ಮೊದಲು ಹಿರಿಯನನ್ನು ಆರಿಸಲಿ. ಆಮೇಲೆ ಹೇಳುತ್ತೇನೆ.”

“ಹಿರಿಯರಾದ ಮೇಲೆ ಬೆಂಚು ಇನ್ನೂ ಎತ್ತರವಾಗುತ್ತದೆ,” ಎಂದಳು ಅವಳು.

ರೈತನ ಹೊಲದ ಅಂಚಿಗೆ ಒಬ್ಬ ವಿಧವೆಯ ಮನೆಯಿತ್ತು. ಅವಳದು ಕುಂಟು ಕಾಲು. ಬೆಳಗಿನ ಪ್ರಾರ್ಥನೆಗೆ ಕೋಲೂರಿಕೊಂಡು ಬರುತ್ತಿದ್ದಳು, ಮಧ್ಯಾಹ್ನದ್ದಕ್ಕೆ ಬರುತ್ತಿರಲಿಲ್ಲ. ನಾಲಿಗೆ ಚೂಪು. ಒಮ್ಮೆ ಬೋಧಕನ ಮಾತು ಉದ್ದವಾದಾಗ, “ಸಾಕು ಮಾಡಪ್ಪ, ಕೂತು ಕೂತು ದೇವರಿಗೂ ಕಾಲು ಹಿಡಿದಿರುತ್ತದೆ,” ಎಂದು ಗಟ್ಟಿಯಾಗಿ ಹೇಳಿ ಎದ್ದು ಹೋದವಳು. ಜನ ಅದನ್ನು ಮರೆತಿರಲಿಲ್ಲ.

ಸುಗ್ಗಿ ಮುಗಿಯುವ ಕಾಲಕ್ಕೆ ಒಂದು ಬೆಳಗ್ಗೆ ಆ ವಿಧವೆ ರೈತನ ಬಾಗಿಲಿಗೆ ಬಂದಳು. “ನಿನ್ನ ಹತ್ತಿರ ಒಂದು ಮಾತಿದೆ,” ಎಂದಳು.

ರೈತ ಅವಳ ಮನೆಯ ಕಡೆ ನೋಡಿದ. ಇವಳ ಕಿಟಕಿ ನನ್ನ ಹೊಲದ ಕಡೆಗಿದೆ, ಇವಳು ನೋಡಿದ್ದಾಳೆ, ಬಾಯಿ ಮುಚ್ಚಿಕೊಂಡಿರಲು ಏನಾದರೂ ಕೇಳಲು ಬಂದಿದ್ದಾಳೆ ಎಂದುಕೊಂಡ. “ಇವತ್ತು ಕೊಡುವುದಕ್ಕೆ ಏನೂ ಇಲ್ಲ. ಹೋಗು,” ಎಂದು ಬಾಗಿಲು ಹಾಕಿದ. ಅವಳು ಕೂಡಲೇ ಹೋಗಲಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತು ಏನೋ ಹೇಳಿದಳು. ಹಲಗೆ ದಪ್ಪ. ಅವನಿಗೆ ಕೇಳಿಸಲಿಲ್ಲ. ಆಮೇಲೆ ಕೋಲಿನ ಸದ್ದು ದೂರವಾಯಿತು.

ಮಾರನೆಯ ದಿನ, ಬೇರೆ ಮೇವು ಮುಗಿದಿದ್ದರಿಂದ, ಏನೂ ಆಗದೆಂದುಕೊಂಡು ಅವನು ಅಟ್ಟದ ಹುಲ್ಲು ಇಳಿಸಿ ಹಸುಗಳಿಗೆ ಹಾಕಿದ. ಮೂರನೆಯ ದಿನ ಒಂದು ಹಸು ಕಾಲು ನಡುಗಿ ಬಿದ್ದು ಸತ್ತಿತು. ನಾಲ್ಕನೆಯ ದಿನ ಇನ್ನೊಂದು.

ನೆರೆಯವರು ಕೊಟ್ಟಿಗೆಯಲ್ಲಿ ಸೇರಿದರು. ಆ ಊರಿನಲ್ಲಿ ಯಾರ ಮನೆಗೆ ಕೇಡು ಬಂದರೂ ಮೊದಲು ಕೇಳುವ ಪ್ರಶ್ನೆ ಒಂದೇ. ಅದನ್ನೇ ಕೇಳಿದರು: “ಬಾಗಿಲಿಗೆ ಯಾರಾದರೂ ಬಂದಿದ್ದರೇ?”

ರೈತ ತಲೆಯೆತ್ತಿ ಅಟ್ಟ ನೋಡಿದ. ಆಮೇಲೆ ಹೇಳಿದ: “ವಿಧವೆ ಬಂದಿದ್ದಳು. ನಾನು ಏನೂ ಕೊಡಲಿಲ್ಲ. ಹೋಗುವಾಗ ಏನೋ ಅಂದಳು.”

ನೋಡಪ್ಪ, ಇದರಲ್ಲಿ ಒಂದು ಸುಳ್ಳಿಲ್ಲ. ಬಂದದ್ದು ನಿಜ, ಕೊಡದಿದ್ದದ್ದು ನಿಜ, ಅಂದದ್ದು ನಿಜ. ಹಸು ಸತ್ತದ್ದಂತೂ ಕಣ್ಣ ಮುಂದೆಯೇ ಇತ್ತು.

ಅಷ್ಟು ಸಾಕಾಯಿತು. ಒಬ್ಬಳು, ಅವಳು ಬಂದು ಹೋದ ದಿನ ನನ್ನ ಬೆಣ್ಣೆ ಕಟ್ಟಲಿಲ್ಲ ಎಂದಳು. ಇನ್ನೊಬ್ಬ, ನನ್ನ ಮಗುವಿಗೆ ಜ್ವರ ಬಂತು ಎಂದ. ವಾರದೊಳಗೆ ವಿಧವೆಯ ಕಾಲಿಗೆ ಸರಪಳಿ ಬಿತ್ತು.

ನ್ಯಾಯಾಧೀಶ ಬಂದ. ಆ ಊರಿನ ನ್ಯಾಯ ಹೀಗಿತ್ತು: ಮಾಟ ಮಾಡಿದೆನೆಂದು ಒಪ್ಪಿಕೊಂಡವಳು ಪಶ್ಚಾತ್ತಾಪಪಟ್ಟವಳು, ಅವಳಿಗೆ ಜೀವದಾನ. ಇಲ್ಲವೆಂದವಳು ಮೊಂಡಿ, ಅವಳಿಗೆ ಗಲ್ಲು.

“ನಿನ್ನ ಪಾಪ ಹೇಳು,” ಎಂದ ನ್ಯಾಯಾಧೀಶ.

“ನನ್ನ ನಾಲಿಗೆ ಚೂಪು,” ಎಂದಳು ವಿಧವೆ. “ಪ್ರಾರ್ಥನೆಗೆ ಸೋಮಾರಿ. ಇವೆರಡು ನನ್ನವು.”

“ಮಾಟ?”

“ಮಾಡಿಲ್ಲ. ಮಾಡದ್ದನ್ನು ಮಾಡಿದೆ ಎಂದರೆ ಅದು ಸುಳ್ಳು. ಸುಳ್ಳಿನಿಂದ ಉಳಿದ ಜೀವ ಇಟ್ಟುಕೊಂಡು ಯಾವ ಮುಖದಲ್ಲಿ ದೇವರ ಮುಂದೆ ಕೂರಲಿ?”

ಮುಂದಿನ ವಾರದ ಮಂಗಳವಾರಕ್ಕೆ ಗಲ್ಲು ಎಂದು ತೀರ್ಪಾಯಿತು.

ಆ ವಾರವೇ ರೈತನನ್ನು ಹಿರಿಯನನ್ನಾಗಿ ಆರಿಸಿದರು. ಅವನಿಗೆ ಅನ್ನ ಸೇರಲಿಲ್ಲ. ಶುಕ್ರವಾರ ಒಂದು ರೊಟ್ಟಿ ಕಟ್ಟಿಕೊಂಡು ಸೆರೆಮನೆಗೆ ಹೋದ.

“ಅಮ್ಮಾ, ಒಪ್ಪಿಕೊಂಡುಬಿಡು. ಒಪ್ಪಿಕೊಂಡವರನ್ನು ಬಿಡುತ್ತಾರೆ,” ಎಂದ.

ವಿಧವೆ ರೊಟ್ಟಿ ತೆಗೆದುಕೊಂಡಳು. ಹರಿದು ತಿನ್ನುತ್ತ ಹೇಳಿದಳು: “ನಿನ್ನ ಹಸು ಯಾಕೆ ಸತ್ತಿತು ಅಂತ ನಿನಗೆ ಗೊತ್ತು. ನನಗೂ ಗೊತ್ತು. ಆ ರವಿವಾರ ನಾನು ಕಿಟಕಿಯಲ್ಲಿ ಕೂತಿದ್ದೆ.”

“ಹಾಗಾದರೆ ಅವತ್ತು ನೀನು ಬಾಗಿಲಿಗೆ ಬಂದದ್ದು?”

“ನಿನ್ನ ಅಟ್ಟದಿಂದ ಮುಗ್ಗು ವಾಸನೆ ನನ್ನ ಮನೆಗೆ ಬರುತ್ತಿತ್ತು. ನಮ್ಮ ಯಜಮಾನರಿದ್ದಾಗ ಅಂಥ ಹುಲ್ಲಿಗೆ ನಾವೂ ಹಸು ಕಳಕೊಂಡಿದ್ದೆವು. ಹಾಕಬೇಡಪ್ಪ ಅಂತ ಹೇಳೋಕೆ ಬಂದೆ. ನೀನು ಬಾಗಿಲು ಹಾಕಿದೆ. ಬಾಗಿಲಿಗೇ ಹೇಳಿ ಹೋದೆ.”

“ಇದನ್ನು ನ್ಯಾಯಾಧೀಶರ ಮುಂದೆ ಯಾಕೆ ಹೇಳಲಿಲ್ಲ?”

“ನಿನ್ನ ಪಾಪ ಹೇಳು ಅಂದರು. ನನ್ನದನ್ನು ಹೇಳಿದೆ. ಹುಲ್ಲು ನನ್ನದಲ್ಲ, ನಿನ್ನದು. ನಾನು ಹೇಳಿದರೆ ಸಾಯುವ ಮುದುಕಿ ಇನ್ನೊಬ್ಬನ ಮೇಲೆ ಹಾಕುತ್ತಾಳೆ ಅನ್ನುತ್ತಾರೆ. ನೀನು ಹೇಳಿದರೆ ನಂಬುತ್ತಾರೆ.” ಅವಳು ಉಳಿದ ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು. “ಮಂಗಳವಾರಕ್ಕೆ ಮೊದಲು ಒಂದು ರವಿವಾರ ಇದೆ.”

ರವಿವಾರ ಬಂತು. ರೈತ ತಾನಾಗಿಯೇ ಬಿಳಿ ದುಪ್ಪಟಿ ಹೊದ್ದು ಬೆಂಚು ಹತ್ತಿದ. ಹೊಸ ಹಿರಿಯ ಬೆಂಚು ಹತ್ತಿದನೆಂದು ಊರೇ ಬೆರಗಾಯಿತು. ಅವನ ಹೆಂಡತಿ ಕಣ್ಣು ಮುಚ್ಚಿ ಕೈ ಜೋಡಿಸಿದಳು.

ಮೇಲಿನಿಂದ ಎಲ್ಲರ ಮುಖವೂ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ನ್ಯಾಯಾಧೀಶ ಕೂತಿದ್ದ. ಹುಲ್ಲಿನ ಮಾತು ಈಗ ಬರೀ ಹುಲ್ಲಿನ ಮಾತಾಗಿ ಉಳಿದಿರಲಿಲ್ಲ. ‘ಅವಳ ಕಾಲಿಗೆ ಸರಪಳಿ ಹಾಕುವಾಗ ಸುಮ್ಮನಿದ್ದೆಯಾ?’ ಎಂದು ಕೇಳುತ್ತಾರೆ. ರೈತ ಬಾಯಿ ತೆರೆದ.

“ನಾನು ಪಾಪಿ,” ಎಂದ. “ಬಾಗಿಲಿಗೆ ಬಂದ ವಿಧವೆಗೆ ಒಂದು ಲೋಟ ಹಾಲು ಕೊಡಲಿಲ್ಲ. ನನ್ನ ಎದೆ ಕಲ್ಲಾಗಿತ್ತು. ಆ ಕಲ್ಲುತನವೇ ಸೈತಾನನಿಗೆ ದಾರಿ ಮಾಡಿಕೊಟ್ಟಿತು.”

ಹೇಳುತ್ತ ಅತ್ತ. ಆ ಕಣ್ಣೀರು ನಿಜವಾದದ್ದು. ಬೋಧಕನೂ ಅತ್ತ. ಇಂಥ ಪಾಪ ಅರಿಕೆಯನ್ನು ತಾನು ಹುಟ್ಟಿದಂದಿನಿಂದ ಕೇಳಿಲ್ಲವೆಂದು ಹೇಳಿ, ಕೈ ಹಿಡಿದು ಇಳಿಸಿ ಅಪ್ಪಿಕೊಂಡ. ಸಭೆಯಲ್ಲಿ ಅಳದೆ ಉಳಿದವಳು ರೈತನ ಹೆಂಡತಿ ಒಬ್ಬಳೇ. ಅವಳು ಕಣ್ಣು ತೆರೆದು ತನ್ನ ಕೈಗಳನ್ನು ಬಿಡಿಸಿಕೊಂಡಳು.

ಮಂಗಳವಾರ ವಿಧವೆಯನ್ನು ಗಾಡಿಯಲ್ಲಿ ಗುಡ್ಡಕ್ಕೆ ಒಯ್ದರು. ಏಣಿ ಹತ್ತುವಾಗ ಅವಳ ಕುಂಟು ಕಾಲು ತಡವರಿಸಿತು. ಮುಂದೆ ನಿಂತಿದ್ದ ರೈತ ಕೈ ಕೊಟ್ಟ. ಅವಳು ಆ ಕೈ ಹಿಡಿದುಕೊಂಡೇ ಹತ್ತಿದಳು.

ಆಮೇಲೆ ರೈತ ಇಪ್ಪತ್ತೆರಡು ವರ್ಷ ಬದುಕಿದ. ಕರೆಯದಿದ್ದರೂ ಬೆಂಚು ಹತ್ತುತ್ತಿದ್ದ. ಇಂದು ಸಿಟ್ಟು ಬಂತು, ಇಂದು ಊಟದಲ್ಲಿ ಆಸೆಪಟ್ಟೆ, ಇಂದು ಪ್ರಾರ್ಥನೆಯಲ್ಲಿ ತೂಕಡಿಸಿದೆ, ಹೀಗೆ ವಾರಕ್ಕೊಂದು ಅರಿಕೆ. ಕೇಳಲು ಪಕ್ಕದ ಊರುಗಳಿಂದ ಜನ ಬರುತ್ತಿದ್ದರು. ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ, ಪಶ್ಚಾತ್ತಾಪವೆಂದರೆ ಇದು ಎನ್ನುತ್ತಿದ್ದರು. ಕೊಟ್ಟಿಗೆಯ ಅಟ್ಟಕ್ಕೆ ಮಾತ್ರ ಬೀಗ ಹಾಕಿತ್ತು. ಆ ಹುಲ್ಲನ್ನು ಹೊರಗೆ ಎಸೆದರೆ ಯಾಕೆ ಎಸೆದೆ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಎಸೆಯಲಿಲ್ಲ.

ಅವನು ಸತ್ತ. ಊರೆಲ್ಲ ಅತ್ತು ಮಣ್ಣು ಮಾಡಿತು. ಬೀಗದ ಕೈ ಹೆಂಡತಿಗೆ ಸಿಕ್ಕಿತು.

ಮೊದಲ ರವಿವಾರ, ಎಲ್ಲರೂ ಮಧ್ಯಾಹ್ನದ ಪ್ರಾರ್ಥನೆಗೆ ಕೂತಿದ್ದಾಗ, ಆ ಮುದುಕಿ ಅಟ್ಟ ಹತ್ತಿದಳು. ಹುಲ್ಲು ಕಪ್ಪಾಗಿ ಗಟ್ಟಿ ಹೆಂಟೆಯಾಗಿತ್ತು. ಬುಟ್ಟಿ ಬುಟ್ಟಿ ಹೊತ್ತು ತಂದು ಪ್ರಾರ್ಥನಾಲಯದ ಬಾಗಿಲ ಮುಂದೆ ಹರವಿದಳು. ಜನ ಹೊರಗೆ ಬಂದು ಮೂಗು ಮುಚ್ಚಿಕೊಂಡರು.

“ಅಜ್ಜಿ, ಸಬ್ಬತ್ತಿನ ದಿನ ಇದೇನು?” ಎಂದ ಬೋಧಕ. ಅವನು ಹೊಸಬ, ಹರೆಯದವನು.

“ಇದು ನನ್ನ ಗಂಡ ಸಬ್ಬತ್ತಿನ ದಿನ ಹೊತ್ತ ಹುಲ್ಲು. ಹಸು ಇದನ್ನು ತಿಂದು ಸತ್ತಿತು. ಆ ವಿಧವೆ ಸತ್ತದ್ದೂ ಇದಕ್ಕೇ. ಅವರು ಹೇಳುತ್ತಾರೆ ಅಂತ ನಾನು ಕಾದೆ. ಕಾದದ್ದು ನನ್ನ ತಪ್ಪು.”

ವಿಧವೆಯ ಕೊರಳಿಗೆ ಹಗ್ಗ ಹಾಕಿದ ದಿನ ಅಲ್ಲಿ ನಿಂತಿದ್ದವರು ಇನ್ನೂ ಕೆಲವರಿದ್ದರು. ಅವರು ನೆಲ ನೋಡಿದರು.

ಆದರೂ ಕಟ್ಟಳೆ ಕಟ್ಟಳೆಯೇ. ಸಬ್ಬತ್ತಿನ ದಿನ ಹುಲ್ಲು ಹೊತ್ತದ್ದಕ್ಕೆ ಮುಂದಿನ ರವಿವಾರ ಆ ಮುದುಕಿಗೆ ಬಿಳಿ ದುಪ್ಪಟಿ ಹೊದಿಸಿ ಬೆಂಚಿನ ಮೇಲೆ ನಿಲ್ಲಿಸಿದರು. ಅವಳು ತಪ್ಪು ಹೇಳಿದಳು. ಸಭೆ ಒಂದು ಕೀರ್ತನೆ ಹಾಡಿತು. ಬೋಧಕ ಕೈ ಹಿಡಿದು ಇಳಿಸಿದ.

ಮುದುಕಿ ನೆಲದ ಮೇಲೆ ನಿಂತು ಬೆಂಚನ್ನು ತಿರುಗಿ ನೋಡಿದಳು. ಅದು ಅವಳ ಮೊಣಕಾಲಿನಷ್ಟು ಎತ್ತರವಿತ್ತು.

“ಇಷ್ಟೇನಾ?” ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ದೊಡ್ಡದಾಗಿ ಉಸಿರುಬಿಟ್ಟ. “ಎಂಥ ಪಾಪಿ ಅಯ್ಯನವರೇ ಆ ರೈತ,” ಎಂದ. “ಒಂದು ಮಾತು ಹೇಳಿದ್ದರೆ ಒಂದು ಜೀವ ಉಳಿಯುತ್ತಿತ್ತು.”

ಗುರುಗಳು ಕನ್ನಡಕ ಹಾಕಿಕೊಂಡು ಶಿಷ್ಯನ ಮುಖ ನೋಡಿದರು.

“ಹನ್ನವ್ವ ನಿನ್ನ ಬಾಗಿಲಿಗೆ ಏನು ಹೇಳಲು ಬಂದಿದ್ದಳು?” ಎಂದರು.

ಬಿಸಿಲು ಹೊಸ್ತಿಲು ದಾಟಿ ಚಾಪೆಗೆ ಬರುವಾಗ ಶಿಷ್ಯ ಎದ್ದು ಹೋದ. ಮರುದಿನದ ಸಭೆಯಲ್ಲಿ ಹನ್ನವ್ವನ ಹೆಸರನ್ನು ಯಾರೂ ಎತ್ತಲಿಲ್ಲ.

ಆ ಶಿಷ್ಯ ಯಾರೆಂದು ಎಲೀಷಪ್ಪ ಮಾವ ಎಂದೂ ಹೇಳಲಿಲ್ಲ. ಗುರುಗಳ ಆ ಕೊನೆಯ ಪ್ರಶ್ನೆಗೆ ಬಂದಾಗ ಮಾತ್ರ ಅವರ ಲಾಳಿ ನಿಲ್ಲುತ್ತಿತ್ತು. ನಾನು ಕೇಳಲಿಲ್ಲ.

ಇದನ್ನು ಓದಿದವರು ಮನೆಯವರಿಗೆ ಹೇಳಿ, ನೆರೆಯವರಿಗೆ ಹೇಳಿ. ನನ್ನ ಹೆಸರು ಹೇಳಬೇಕಾಗಿಲ್ಲ, ಊರು ಎಲ್ಲಿತ್ತೆಂಬುದನ್ನು ಮರೆತರೂ ನಡೆಯುತ್ತದೆ. ಹುಲ್ಲಿನ ಮಾತನ್ನು ಮಾತ್ರ ಬಿಡಬೇಡಿ.